ಭಾಗೀರಥಿಬಾಯಿಯವರ ಹಗಲು ಬೆಳಕಿನ ಫೋಟೋ

ಮರ್ದಾನಸಾಬರು ಭಾಗೀರಥಿಬಾಯಿಯವರ ಹಿತ್ತಲ ಅಂಗಳದ ನಡುವೆ ನಿಂತು, ಬೆಳಕು ನೋಡಲು ಎಡಗೈ ಚಾಚಿದರು. ಐದು ನಿಮಿಷದ ಹಿಂದೆ ನೆಲದ ಮೇಲೆ ಬೆರಳುಗಳ ನೆರಳು ತೆಳ್ಳಗಾದರೂ ಬೀಳುತ್ತಿತ್ತು. ಈಗ ಅದೂ ಇರಲಿಲ್ಲ. ಸವಣೂರ ಕಡೆಯಿಂದ ಮೋಡ ಕಪ್ಪಾಗಿ ಏರುತ್ತಿತ್ತು.

ಗದಗ ಬೇರೆ ಜಿಲ್ಲೆಯಾದ ಮರುವರ್ಷದ ಆಷಾಢ ಅದು. ಲಕ್ಷ್ಮೇಶ್ವರದ ಬಜಾರದಲ್ಲಿ ಅವರ ಫೋಟೋ ಸ್ಟುಡಿಯೋ ಇಪ್ಪತ್ತು ವರ್ಷದಿಂದ ನಡೆಯುತ್ತಿತ್ತು. ಆದರೆ ಭಾಗೀರಥಿಬಾಯಿಯವರು ಅದರ ಮೆಟ್ಟಿಲು ಹತ್ತುವವರಲ್ಲ. ವಯಸ್ಸು ಎಪ್ಪತ್ತೆಂಟು, ಎರಡೂ ಕಣ್ಣಿಗೆ ಪೊರೆ. ಫ್ಲ್ಯಾಶ್ ಹೊಡೆದರೆ ನೀರು ಸುರಿದು ರೆಪ್ಪೆ ಮುಚ್ಚಿಬಿಡುತ್ತದೆ. ಮನೆಯೊಳಗೆ ಹಗಲಲ್ಲೂ ಕತ್ತಲೆ. ಹಾಗಾಗಿ ಅಂಗಳವೇ ಗತಿ. ಮರುದಿನ ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್. ಅದಾದ ಮೇಲೆ ಪಟ್ಟಿ, ಕಪ್ಪು ಕನ್ನಡಕ ಎಂದು ತಿಂಗಳುಗಳೇ ಹೋಗುತ್ತವೆ. ಗಂಡನ ಫೋಟೋದ ಪಕ್ಕದ ಮೊಳೆ ಹತ್ತು ವರ್ಷದಿಂದ ಖಾಲಿ ಇದೆ ಎಂದು ಮಗ ದತ್ತಾತ್ರಿ ಬೆನ್ನುಹತ್ತಿದ ಮೇಲೆ ಅವರು ಒಪ್ಪಿದ್ದರು. ಪೂಜೆ ಮುಗಿದ ಮೇಲೆ, ಊಟಕ್ಕೆ ಮುಂಚೆ, ಮಡಿಯ ರೇಷ್ಮೆ ಸೀರೆಯಲ್ಲೇ ತೆಗೆಯಬೇಕು ಎಂಬುದು ಅವರ ಷರತ್ತು.

ಬೇರೆ ದಿನವಾಗಿದ್ದರೆ ನಾಳೆ ಬರುತ್ತೇನೆಂದು ಹೇಳಿ ಮರ್ದಾನಸಾಬರು ಹೊರಡುತ್ತಿದ್ದರೇನೋ. ಹೋದ ವರ್ಷ ಶಿರಹಟ್ಟಿಯ ಉಳವಪ್ಪನವರ ಮನೆಯಲ್ಲಿ ಹಾಗೆ ಹೇಳಿ ಬಂದಿದ್ದರು. ಎಂಟನೆಯ ದಿನ ಬಿಸಿಲು ಬಿದ್ದ ಮೇಲೆ ಹೋದಾಗ ಉಳವಪ್ಪನವರು ತೀರಿಕೊಂಡಿದ್ದರು. ಯಾವುದೋ ಮದುವೆಯ ಗುಂಪಿನ ಫೋಟೋದಿಂದ ಮುಖವೊಂದನ್ನೇ ದೊಡ್ಡದು ಮಾಡಿಕೊಟ್ಟರು. ಅದರಲ್ಲಿ ಕಣ್ಣು ಮುಚ್ಚಿತ್ತು.

ತುಳಸಿಕಟ್ಟೆಯ ಮುಂದೆ ಮಣೆ ಹಾಕಿದ್ದಾಯಿತು. ಬಾಯಿಯವರು ಇನ್ನೂ ದೇವರ ಮನೆಯಲ್ಲಿದ್ದರು. ಮೊದಲ ಹನಿ ಕ್ಯಾಮೆರಾದ ಮೇಲೆ ಬಿತ್ತು. ಮೇಲೆ ಬಿದಿರಿನ ಕೋಲಿನಲ್ಲಿ ಸೀರೆಯೊಂದು ಒಣಗುತ್ತಿತ್ತು. ತೋಯ್ದೀತು ಎಂದು ಮರ್ದಾನಸಾಬರು ಅದನ್ನು ಎಳೆದು, ಮಡಚಿ, ಎದೆಗೊತ್ತಿಕೊಂಡು ಪಡಸಾಲೆಗೆ ಓಡಿದರು.

ಬಾಗಿಲಲ್ಲಿದ್ದ ಸೊಸೆ ಆರತಿ ಬಾಯಿಗೆ ಕೈ ಇಟ್ಟುಕೊಂಡಳು. "ಅದು ಮಡೀದು, ಕಾಕಾರ. ನಾನೂ ಮುಟ್ಟೂದಿಲ್ಲ."

ನಾಳೆಯ ಪ್ರಯಾಣಕ್ಕೆಂದು ಉಳಿದ ಸೀರೆಗಳನ್ನೆಲ್ಲ ಒಗೆಯಲು ಹಾಕಿದ್ದರು. ಮಡಿಯಲ್ಲಿ ಉಡಲು ಉಳಿದಿದ್ದು ಅದೊಂದೇ. ಮೈಮೇಲಿನ ರೇಷ್ಮೆ ಮಳೆಗೆ ತೋಯ್ದರೆ ಬದಲಿಸಲು ಸೀರೆ ಇಲ್ಲ, ಮಡಿಯಿಲ್ಲದೆ ಬಾಯಿಯವರು ಉಣ್ಣುವುದಿಲ್ಲ. ಇದನ್ನೆಲ್ಲ ಆರತಿ ಮೆಲ್ಲಗೆ ಹೇಳಿದಳು. ಮರ್ದಾನಸಾಬರು ಇನ್ನೂ ಸೀರೆ ಹಿಡಿದೇ ನಿಂತಿದ್ದರು.

ಆ ಮಾತು ಕಿವಿಗೆ ಬಿದ್ದ ಭಾಗೀರಥಿಬಾಯಿಯವರು ಹೊರಗೆ ಬಂದರು.

"ತಪ್ಪಾತ್ರಿ ಬಾಯಾರ. ನಮ್ಮ ಮನ್ಯಾಗ ಮಳಿ ಬಂದ್ರ ಯಾರು ಹತ್ರ ಇರ್ತಾರೋ ಅವ್ರೇ ಒಣಾ ಹಾಕಿದ ಅರಿವಿ ಒಳಗ ತರ್ತಾರ್ರಿ."

"ಮುಟ್ಟಿದ್ದು ಮುಟ್ಟಿ ಆತು. ಗಟ್ಟಿ ಹಿಡಕೊಂಡು ನಿಂತ್ರ ತಿರುಗಿ ಮಡಿ ಆಗ್ತದೇನು? ಆರತಿ ಕೈಯಾಗ ಕೊಡು." ಅವರು ಆಕಾಶ ನೋಡಲಿಲ್ಲ, ನೋಡಿದರೂ ಕಾಣುತ್ತಿರಲಿಲ್ಲ. ಸೀದಾ ಹೋಗಿ ಮಣೆಯ ಮೇಲೆ ಕುಳಿತರು. "ಒಂದ ಹೊತ್ತು ಉಣದಿದ್ರ ಏನೂ ಆಗೂದಿಲ್ಲ. ನೀ ನಿನ್ನ ಕೆಲಸಾ ಮಾಡು."

ಛತ್ರಿ ತಂದರೆ ಬೇಡವೆಂದರು. ಆರತಿ ಅದನ್ನು ಕ್ಯಾಮೆರಾದ ಮೇಲೆ ಹಿಡಿದಳು. ಬೆಳಕು ಕಡಿಮೆಯಿದ್ದುದರಿಂದ ಷಟರ್ ನಿಧಾನ ಇಡಬೇಕಾಯಿತು. ನಿಧಾನ ಇಟ್ಟರೆ ಮುಖ ಅಲುಗಬಾರದು. ಬಾಯಿಯವರ ತಲೆಯೋ, ವಯಸ್ಸಿನ ನಡುಕಕ್ಕೆ ಸಣ್ಣಗೆ ಆಡುತ್ತಲೇ ಇತ್ತು. ಎಲ್ಲರ ಗದ್ದಕ್ಕೂ ಎರಡು ಬೆರಳು ಹಚ್ಚಿ ಮುಖ ಸರಿಹೊಂದಿಸುವುದು ಮರ್ದಾನಸಾಬರ ರೂಢಿ. ಇವತ್ತು ಆ ಬೆರಳುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ ಎಂದು ಬಾಯಲ್ಲೇ ಹೇಳಿದರು.

ಎರಡು ತೆಗೆದರು. ಎರಡರಲ್ಲೂ ತಲೆ ಅಲುಗಿದ್ದು ಅವರ ಕಣ್ಣಿಗೇ ಬಿತ್ತು. ಹನಿ ದಪ್ಪವಾದವು, ರೇಷ್ಮೆಯ ಹೆಗಲು ಬಣ್ಣ ಬದಲಿಸಿತು.

"ಬಾಯಾರ, ಉಸಿರು ಹಿಡೀರಿ. ನಾ ಸಾಕ ಅನ್ನೋತನಕ."

"ಜಲ್ದಿ ಸಾಕ ಅನ್ನಪಾ ಮತ್ತ," ಎಂದು ಅವರು ಉಸಿರು ಹಿಡಿದರು. ಷಟರ್ ತೆರೆದು ಮುಚ್ಚಿತು. ಅದರ ಬೆನ್ನಿಗೇ ಮಳೆ ಸುರಿಯಿತು.

ಬಾಯಿಯವರು ಅಂದು ಉಣ್ಣಲಿಲ್ಲ. ಮೂರನೆಯ ಫೋಟೋ ಬಂದಿದೆಯೇ ಎಂದು ಆರತಿ ಕೇಳಿದಾಗ, ರೀಲು ತೊಳೆಯದೆ ಹೇಳಲಾಗದು ಎಂದರು ಮರ್ದಾನಸಾಬರು. ರೀಲು ತುಂಬದೆ ತೊಳೆಯುವ ಪದ್ಧತಿ ಅವರ ಸ್ಟುಡಿಯೋದಲ್ಲಿ ಇಲ್ಲ. ಅದರಲ್ಲಿ ಇನ್ನೂ ಇಪ್ಪತ್ತೆರಡು ಫೋಟೋಗಳಿಗೆ ಜಾಗವಿತ್ತು. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ, ಆ ಇಪ್ಪತ್ತೆರಡನ್ನೂ ಖಾಲಿ ಬಿಟ್ಟು, ಅವರು ಆ ರೀಲನ್ನು ತೊಳೆದರು.