ಬಾಸಿಲ್ ಮಾಸ್ಟ್ರ ಭಾಷೆ

ಅತ್ತಾವರದ ಬಾಸಿಲ್ ಮಾಸ್ಟ್ರು ಶಾಲೆಯಲ್ಲಿ ವ್ಯಾಕರಣ ಕಲಿಸಿ ಕಲಿಸಿ, ಕೊನೆಗೆ ಮನೆಯಲ್ಲಿ ಕೂತು ತಮ್ಮದೇ ಒಂದು ಹೊಸ ಭಾಷೆ ಕಟ್ಟಿದ್ದರು. ಅದರ ಕ್ರಿಯಾಪದಕ್ಕೆ ‘ಮಿ’ ಸೇರಿಸಿದರೆ ಆಸೆ, ‘ತಾ’ ಸೇರಿಸಿದರೆ ಉದ್ದೇಶ. ಸಿಟಿ ಬಸ್ಸಿನ ಕಂಡಕ್ಟರನಿಗೂ ಪಾಠ ತಪ್ಪುತ್ತಿರಲಿಲ್ಲ: “‘ಪಲ’ ಅಂದ್ರೆ ಹೋಗು, ‘ಪಲಮಿ’ ಅಂದ್ರೆ ಹೋಗ್ಲಿಕ್ಕೆ ಆಸೆ ಉಂಟು. ಎಷ್ಟು ಸುಲಭ, ಮಾರಾಯ!” ಬಂಗುಡೆ ತಂದ ಮೀನಿನವಳು ಆಸೆಯನ್ನೂ ಉದ್ದೇಶವನ್ನೂ ಬೇರೆ ಮಾಡಿ ಹೇಳುವವರೆಗೆ ಬುಟ್ಟಿ ಇಳಿಸುವಂತಿರಲಿಲ್ಲ. ಆ ಭಾಷೆಯನ್ನು ನಿಜವಾಗಿ ಕಲಿತವರು ಹೆಂಡತಿ ಲಿಲ್ಲಿಬಾಯಿ ಒಬ್ಬರೇ. ೧೯೭೮ರ ಒಂದು ಬೆಳಿಗ್ಗೆ ಅವರು ಚಹಾ ತಂದಿಟ್ಟು, “ಅಮ್ಮನಲ್ಲಿಗೆ ಪಲತಾ” ಎಂದರು. “ತಾ ಅಲ್ಲ, ಮಿ! ಹೋಗ್ಲಿಕ್ಕೆ ಆಸೆ ಅಷ್ಟೇ ಅಲ್ವಾ?” ಎಂದು ಮಾಸ್ಟ್ರು ತಿದ್ದಿದರು. ಲಿಲ್ಲಿಬಾಯಿ “ಪಲಮಿ” ಎಂದು ಸರಿಯಾಗಿ ಹೇಳಿದಾಗ, “ಶಾಭಾಸ್!” ಎಂದು ಪೇಪರಿನೊಳಗೆ ಮುಖ ಹುದುಗಿಸಿದರು. ವಾರದೊಳಗೆ ಕುಂದಾಪುರದಿಂದ ಲಿಲ್ಲಿಬಾಯಿಯ ಅಮ್ಮ ತೀರಿಕೊಂಡ ಟೆಲಿಗ್ರಾಂ ಬಂತು. ಹೋಗುವ ಬಸ್ಸಿನಲ್ಲಿ ಮಾಸ್ಟ್ರು, “ಅಮ್ಮನಿಗೆ ಹುಷಾರಿಲ್ಲ ಅಂತ ನನಗೆ ಹೇಳಬಾರದಿತ್ತಾ?” ಎಂದು ಕೇಳಿದರು. “ನಮ್ಮ ಮನೆಮಾತು ಕೊಂಕಣಿಯಲ್ಲಿ ಮೂರು ಸಲ ಹೇಳಿದೆ,” ಎಂದರು ಲಿಲ್ಲಿಬಾಯಿ. “ನಿಮ್ಮ ಭಾಷೆಯಲ್ಲಾದ್ರೆ ಕೇಳ್ತೀರಿ ಅಂತ, ‘ಪಲತಾ’ ಎಂದು ಅದರಲ್ಲೂ ಹೇಳಿದೆ. ನೀವು ತಿದ್ದಿದ್ರಿ.” ಮಾಸ್ಟ್ರ ಕಿವಿಗಳು ಕೆಂಪೇರಿದವು. ಕುಂದಾಪುರ ಬರುವವರೆಗೂ ಅವರಿಗೆ ಹೆಂಡತಿಯ ಮುಖ ನೋಡಲಾಗಲಿಲ್ಲ. ಇಳಿಯುವಾಗ ಮಾತ್ರ, ಮೂವತ್ತು ವರ್ಷಗಳಲ್ಲಿ ಮೊದಲ ಸಲ, ಆಕೆಯ ಚೀಲವನ್ನು ತಾವೇ ಎತ್ತಿಕೊಂಡರು.