ನಲವತ್ತಮೂರು ಪೆಟ್ಟು

ಪವಾಡ, ದರ್ಶನ ಎಂದು ಮಾತೆತ್ತಿದವರನ್ನು ನಾನು ಮೊದಲಿನಿಂದಲೂ ಗೇಲಿ ಮಾಡುತ್ತಿದ್ದೆ. ಮೂವತ್ತು ವರ್ಷ ಲೈನ್‌ಮನ್ ಆಗಿದ್ದವನು ನಾನು. ಕಂಬದ ಮೇಲೆ ತಂತಿ ಇದ್ದರೆ ಮನೆಯಲ್ಲಿ ದೀಪ, ಇಲ್ಲದಿದ್ದರೆ ಇಲ್ಲ. ನನ್ನ ನಂಬಿಕೆ ಅಷ್ಟು ಸರಳ. ಚರ್ಚಿಗೆ ತಪ್ಪದೆ ಹೋಗುತ್ತಿದ್ದೆ, ಬೈಬಲಿನ ಪವಾಡಗಳನ್ನೂ ಒಪ್ಪುತ್ತಿದ್ದೆ. ಆದರೆ ಅವೆಲ್ಲ ಆ ಕಾಲಕ್ಕೆ, ಆ ದೇಶಕ್ಕೆ. ಶಿಕಾರಿಪುರದಲ್ಲಿ ಒಂದು ಬುಧವಾರ, ಸುಡುಬಿಸಿಲಲ್ಲಿ ಅಂಥದ್ದು ನಡೆಯಿತೆಂದು ಯಾರಾದರೂ ಹೇಳಿದ್ದರೆ ಒಂದು ಲೋಟ ಮಜ್ಜಿಗೆ ಕೊಟ್ಟು ಮಲಗಿಸುತ್ತಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ನೀವು ನನಗೆ ಮಜ್ಜಿಗೆ ಕೊಟ್ಟರೂ ಬೇಸರವಿಲ್ಲ.

ನಮ್ಮದು ಚಿಕ್ಕ ಸಭೆ, ಹೆಚ್ಚೆಂದರೆ ನಲವತ್ತು ಮನೆ. ಚರ್ಚಿನ ಮುಂದೆ ಕಬ್ಬಿಣದ ಕಂಬಗಳ ಮೇಲೆ ಹಳೆಯ ಗಂಟೆಯೊಂದಿದೆ. ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಅವರಿಗೆ ಎಷ್ಟು ವಯಸ್ಸೋ ಅಷ್ಟು ಪೆಟ್ಟು, ನಿಧಾನವಾಗಿ ಒಂದೊಂದೇ ಬಾರಿಸುವುದು ನಮ್ಮ ಪದ್ಧತಿ. ಜನ ಕೈಲಿದ್ದ ಕೆಲಸ ಬಿಟ್ಟು ಎಣಿಸುತ್ತಾರೆ. ಎಣಿಕೆ ನಿಂತಾಗ ಹೋದವರು ಯಾರೆಂದು ಮುಕ್ಕಾಲು ಪಾಲು ತಿಳಿದಿರುತ್ತದೆ. ನಿವೃತ್ತನಾದ ಮೇಲೆ ಆ ಗಂಟೆಯ ಕೆಲಸ ನನ್ನ ಪಾಲಿಗೆ ಬಂತು. ಏಣಿ ಹತ್ತಲು ಹೆದರದವನು ನಾನೊಬ್ಬನೇ.

ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ಈಗಿರುವವರು ಆಗ ಬಂದು ಆರು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಆರಾಧನೆ, ಮಧ್ಯಾಹ್ನ ಸೊರಬದ ಸಭೆಯಲ್ಲಿ, ಸಂಜೆ ಈಸೂರಿನ ಕಡೆ ಒಂದು ಮನೆಯಲ್ಲಿ ಪ್ರಾರ್ಥನೆ. ವಾರದ ದಿನಗಳಲ್ಲಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡುವುದು, ಗಂಡ ಹೆಂಡತಿ ಜಗಳ ಬಿಡಿಸುವುದು, ಚರ್ಚಿನ ಜಾಗದ ಪಹಣಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುವುದು. ಯಾವ ಮನೆಗೆ ಹೋದರೂ ಹೊರಡುವಾಗ ನಮ್ಮ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ನಾವು ಚಹಾ ಕೊಡುತ್ತಿದ್ದೆವು. ಅವರಿಗೂ ದಣಿವಾಗಬಹುದು ಎಂಬುದು ನಮ್ಮ ಬುದ್ಧಿಗೆ ಹೊಳೆದೇ ಇರಲಿಲ್ಲ.

ಆ ಬುಧವಾರದ ಹಿಂದಿನ ಭಾನುವಾರ ಗಂಟೆಯ ಹಗ್ಗ ಹರಿದಿತ್ತು. ನಾಳೆ ನಾಳೆ ಎಂದು ಮೂರು ದಿನ ದೂಡಿ, ಕೊನೆಗೆ ಹೊಸ ಹಗ್ಗ ತೆಗೆದುಕೊಂಡು ಹನ್ನೆರಡರ ಹೊತ್ತಿಗೆ ಏಣಿ ಹಾಕಿದೆ. ಹಗ್ಗ ಕಟ್ಟುವ ಕೊಂಡಿ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ತಿರುಗಲಿಲ್ಲ. ಗಂಟೆಯ ನಾಲಿಗೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಬಲಗೈಯಲ್ಲಿ ಕೊಂಡಿ ಉಜ್ಜುತ್ತ ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ನಡುವೆ ಅಯ್ಯನವರು ಬಂದು ಚರ್ಚಿನ ಪಕ್ಕದ ಕೋಣೆಗೆ ಹೋದರು. ನಾನು ಮೇಲಿನಿಂದಲೇ, "ಅಯ್ನೋರೆ, ಪಹಣಿ ಅರ್ಜಿಗೆ ನಿಮ್ ಸಹಿ ಬೇಕಿತ್ತು" ಎಂದೆ. ಅವರು ತಲೆಯೆತ್ತದೆ, "ಆಮೇಲೆ ಮಾಡ್ತೀನ್ರೀ" ಎಂದು ಬಾಗಿಲು ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ರಾಹೇಲಮ್ಮ ಏದುಸಿರು ಬಿಡುತ್ತ ಬಂದರು. ನಿವೃತ್ತ ನರ್ಸು, ಸಭೆಗೆಲ್ಲ ಹಿರಿಯರು. ಒಲೆ ಆರಿಸಿ ಹಾಗೇ ಬಂದಿದ್ದರು, ಕೈಗೆ ಹಿಟ್ಟು ಮೆತ್ತಿತ್ತು.

"ಯಾರು ತೀರ್ಕಂಡ್ರು ತಮ್ಮಾ?"

"ಯಾರೂ ಇಲ್ಲವಲ್ಲಮ್ಮ."

"ಮತ್ತೆ ಗಂಟೆ ಹೊಡೆದ್ಯಲ್ಲ. ನಲವತ್ತಮೂರು ಎಣಿಸ್ದೆ ನಾನು."

ನಾನು ನಕ್ಕೆ. ಬಿಸಿಲಿಗೆ ಅಮ್ಮನಿಗೆ ತಲೆ ತಿರುಗಿದೆ ಎಂದುಕೊಂಡೆ. ಅಷ್ಟರಲ್ಲಿ ಸಂತೆಪೇಟೆಯ ಎರಡು ಮನೆಯವರು ಬಂದರು, ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದವರು. ಎಲ್ಲರದೂ ಅದೇ ಪ್ರಶ್ನೆ, ಎಲ್ಲರ ಬಾಯಲ್ಲೂ ನಲವತ್ತಮೂರು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಸೊರಬದಲ್ಲಿ ಟೈಲರ್ ಅಂಗಡಿ ಇಟ್ಟಿರುವ ನಮ್ಮ ಸಭೆಯ ದಾನಿಯೇಲಪ್ಪ. "ಮಾರಾಯ್ರೆ, ಗಂಟೆ ಕೇಳ್ತು. ಯಾರಿಗೆ ಏನಾತು?" ಎಂದ. ಸೊರಬ ನಮ್ಮಿಂದ ಒಂದು ಗಂಟೆಯ ಬಸ್ಸಿನ ದಾರಿ. ನಾನು ನಗುವುದನ್ನು ನಿಲ್ಲಿಸಿದೆ. ಏಣಿಯಿಂದ ಇಳಿದುಬಿಟ್ಟೆ.

ನಲವತ್ತಮೂರರವರು ಯಾರೆಂದು ಎಲ್ಲರೂ ಮನೆ ಮನೆ ಲೆಕ್ಕ ಹಾಕಿದರು. ಯಾರೂ ಸಿಗಲಿಲ್ಲ. ಅಯ್ಯನವರಿಗೆ ಗೊತ್ತಿರುತ್ತದೆ ಎಂದು ರಾಹೇಲಮ್ಮ ಹೋಗಿ ಬಾಗಿಲು ಬಡಿದರು. ಬಹಳ ಹೊತ್ತಿನ ಮೇಲೆ ಅದು ತೆರೆಯಿತು.

"ಅಯ್ನೋರೆ, ನಮ್ ಸಭೆಲಿ ನಲವತ್ತಮೂರು ವರ್ಷದೋರು ಯಾರಿದ್ದಾರ್ರಿ?"

ಅವರು ನಮ್ಮೆಲ್ಲರ ಮುಖ ನೋಡಿದರು. "ನಾನೊಬ್ನೇ ಅಮ್ಮ. ಇವತ್ತಿಗೆ ನಲವತ್ತಮೂರು" ಎಂದರು.

ಮೇಜಿನ ಮೇಲೆ ರಾಜೀನಾಮೆ ಪತ್ರವಿತ್ತು, ಪಕ್ಕದಲ್ಲಿ ಬೈಕಿನ ಕೀಲಿ, ನೆಲದ ಮೇಲೆ ಒಂದು ಚೀಲ. ಎಲ್ಲಿಗೆ ಹೊರಟಿದ್ದಿರಿ ಎಂದು ಕೇಳಿದರೆ, "ಗೊತ್ತಿಲ್ಲ. ಪ್ರಾರ್ಥನೆಗೆ ಬಾಯಿ ತೆರೆದ್ರೆ ಮಾತೇ ಬರ್ತಿಲ್ಲ. ಮೂರು ತಿಂಗಳಾಯ್ತು" ಎಂದರು. ಹೆಂಡತಿಗೂ ಹೇಳಿರಲಿಲ್ಲವಂತೆ. ರಾಹೇಲಮ್ಮ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹಿಟ್ಟು ಮೆತ್ತಿದ ಕೈಯನ್ನೇ ಅವರ ತಲೆಯ ಮೇಲಿಟ್ಟು ಪ್ರಾರ್ಥಿಸಿದರು. ಆರು ವರ್ಷದಲ್ಲಿ ಅವರ ತಲೆಯ ಮೇಲೆ ನಮ್ಮಲ್ಲೊಬ್ಬರು ಕೈಯಿಟ್ಟಿದ್ದು ಅದೇ ಮೊದಲು. ಅವರು ಅತ್ತರು. ನನಗೂ ತಡೆಯಲಾಗಲಿಲ್ಲ.

ಆ ಪತ್ರ ಹೋಗಲಿಲ್ಲ. ಅವರನ್ನು ಒಂದು ತಿಂಗಳು ಹೆಂಡತಿ ಮಕ್ಕಳ ಜೊತೆ ಊರಿಗೆ ಕಳಿಸಿದೆವು. ಸೊರಬದ ಆರಾಧನೆಯನ್ನು ಹಿರಿಯರು ಸರದಿಯ ಮೇಲೆ ನಡೆಸುತ್ತೇವೆ. ಸೋಮವಾರ ಅವರಿಗೆ ವಿಶ್ರಾಂತಿ, ಅವರ ಫೋನು ನನ್ನ ಮನೆಯಲ್ಲಿರುತ್ತದೆ; ಬೈಯುವವರೂ ಅಳುವವರೂ ನನ್ನ ಹತ್ತಿರವೇ ಮುಗಿಸಿಕೊಳ್ಳಬೇಕು. ಪಹಣಿಯ ಅಲೆದಾಟವೂ ನನ್ನದೇ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಯಾರಾದರೊಬ್ಬರು ಅವರ ತಲೆಯ ಮೇಲೆ ಕೈಯಿಡುತ್ತೇವೆ.

ಆದರೂ ನನ್ನ ಹಳೆಯ ಚಾಳಿ ಬಿಡಲಿಲ್ಲ. ಲೈನಿನಲ್ಲಿ ಫಾಲ್ಟ್ ಹುಡುಕುವಾಗ ಕಂಬದಿಂದ ಕಂಬಕ್ಕೆ ಹೋದ ಹಾಗೆ ಮನೆಯಿಂದ ಮನೆಗೆ ಹೋಗಿ ವಿಚಾರಿಸಿದೆ. ಶಾಲೆಗೆ ರಜೆಯಿತ್ತು, ಅಲ್ಲಿನ ಗಂಟೆಯಲ್ಲ. ಎದುರಿನ ಚಹಾದಂಗಡಿಯವರಿಗೆ ಏನೂ ಕೇಳಿಸಿರಲಿಲ್ಲ. ಕೇಳಿಸಿದ್ದು ನಮ್ಮ ಸಭೆಯ ಹನ್ನೊಂದು ಜನಕ್ಕೆ. ಅವರಲ್ಲಿ ಯಾರಿಗೂ ಅಯ್ಯನವರ ವಯಸ್ಸು ಗೊತ್ತಿರಲಿಲ್ಲ. ಇಲ್ಲದ ತಂತಿಯಲ್ಲಿ ಹರಿದು ಸೊರಬದವರೆಗೆ ಹೋದದ್ದು ಏನು ಎಂದು ನನಗೆ ಇಂದಿಗೂ ತಿಳಿದಿಲ್ಲ.

ಇನ್ನೊಂದು ವಿಷಯವಿದೆ. ಆ ದಿನ ಅಯ್ಯನವರಿಗೆ ಎಲ್ಲರಿಗಿಂತ ಹತ್ತಿರವಿದ್ದವನು ನಾನು. ನನಗೆ ಮಾತ್ರ ಏನೂ ಕೇಳಿಸಲಿಲ್ಲ. ಅಷ್ಟು ಹೊತ್ತೂ ಆ ಗಂಟೆಯ ನಾಲಿಗೆ ನನ್ನ ಮುಷ್ಟಿಯಲ್ಲೇ ಇತ್ತು.