ಅಂಗಡಿಗೆ ಬಾರದ ಸಂಚಿಕೆ

ನಮ್ಮ ಗೋದಾಮಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರ ಬಾಯಲ್ಲೂ ಅವನು ಎಡಿಟರು. ಯಾವ ಪತ್ರಿಕೆಯ ಎಡಿಟರು ಎಂದು ಕೇಳಬೇಡಿ. ಹನ್ನೊಂದು ವರ್ಷ ನನ್ನ ಎದುರಿನ ಸ್ಟೂಲಿನ ಮೇಲೆ ಕೂತು, ಮಾರಾಟವಾಗದೆ ವಾಪಸು ಬಂದ ಪುಸ್ತಕಗಳ ಮುಖಪುಟ ಕೀಳುತ್ತಿದ್ದವನು. ನನ್ನದೂ ಅದೇ ಕೆಲಸ. ನಾನು ಕಿತ್ತು ಪಕ್ಕಕ್ಕೆ ಎಸೆಯುತ್ತಿದ್ದೆ. ಅವನು ಓದಿ, ಬೈದು, ಆಮೇಲೆ ಕೀಳುತ್ತಿದ್ದ.

ಕೆಲಸ ಏನೆಂದರೆ ಇಷ್ಟೇ. ಅಂಗಡಿಗಳಲ್ಲಿ ಉಳಿದ ವಾರಪತ್ರಿಕೆ, ಕಾಮಿಕ್ಸು ಎಲ್ಲ ಮೂಟೆಗಟ್ಟಲೆ ನಮ್ಮಲ್ಲಿಗೆ ಬರುತ್ತವೆ. ಇಡೀ ಪುಸ್ತಕವನ್ನು ಪ್ರಕಾಶಕರಿಗೆ ವಾಪಸು ಹೊತ್ತು ಹಾಕುವುದು ದಂಡ. ಹಾಗಾಗಿ ಮುಖಪುಟ ಮಾತ್ರ ಕಿತ್ತು, ನೂರರ ಕಟ್ಟು ಕಟ್ಟಿ ಕಳಿಸುತ್ತೇವೆ. ಇಷ್ಟು ಪ್ರತಿ ಬಿಕರಿಯಾಗಲಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಉಳಿದ ಮೈ ಹಿಂದಿನ ಶೆಡ್ಡಿನ ಯಂತ್ರಕ್ಕೆ ಬಿದ್ದು ಚೂರಾಗುತ್ತದೆ. ಅದರಲ್ಲಿ ಒಂದು ಹಾಳೆ ಹೊರಗೆ ಒಯ್ದರೂ ಕೆಲಸದಿಂದ ವಜಾ ಎಂದು ಬಾಗಿಲ ಮೇಲೆ ಕೆಂಪು ಅಕ್ಷರದ ಬೋರ್ಡು ಇದೆ. ಬೋರ್ಡು ಓದಿಕೊಂಡೇ ನಾನು ಎಷ್ಟೋ ವಾರಪತ್ರಿಕೆಗಳನ್ನು ಅಡುಗೆಮನೆ ಕಪಾಟಿಗೆ ಹಾಸಲು ಒಯ್ದಿದ್ದೇನೆ. ಯಾರೂ ಕೇಳಿದವರಿಲ್ಲ.

ಎಡಿಟರಿಗೆ ವಾರಪತ್ರಿಕೆ ಬೇಡ. ಅವನಿಗೆ ಬೇಕಾದದ್ದು ಸಿಡಿಲಾಳು. ಕೈಯಲ್ಲಿ ಮಿಂಚು ಹಿಡಿದು ಊರು ಕಾಯುವ ಒಬ್ಬ ಮಹಾಶೂರನ ಕಾಮಿಕ್ಸು ಅದು, ತಿಂಗಳಿಗೊಂದು ಸಂಚಿಕೆ. ನನಗೆ ಅದರ ಗಂಧಗಾಳಿ ಇಲ್ಲ. ಆದರೂ ಆ ಪುಣ್ಯಾತ್ಮನ ಕಷ್ಟಸುಖವೆಲ್ಲ ನನಗೆ ಬಾಯಿಪಾಠ. ಎದುರಿಗೆ ಕೂತವನು ಸುಮ್ಮನಿದ್ದರೆ ತಾನೆ?

"ನೋಡಕ್ಕಾ ಇಲ್ಲಿ. ಮೂರನೇ ಸಲ ಸತ್ತು ಎದ್ದಿದಾನೆ."

"ಏಳಲಿ ಬಿಡೋ. ನಿಂಗ್ಯಾಕೆ ಹೊಟ್ಟೆ ಉರಿ?"

"ಹೊಟ್ಟೆ ಉರಿ ಅಲ್ಲಕ್ಕಾ. ಹೋದ ತಿಂಗಳು ಇಡೀ ಊರು ಗೊಳೋ ಅಂತ ಅತ್ತಿದೆ. ಲೆಕ್ಕ ಹಾಕಿದೀನಿ, ಹದಿನಾಲ್ಕು ಪುಟ ಅತ್ತಿದೆ. ಈ ತಿಂಗಳು ಬಾಗಿಲು ತಟ್ಟಿ ಒಳಗೆ ಬರ್ತಾನೆ, ಒಬ್ರೂ ಬೆಚ್ಚಿ ಬೀಳಲ್ಲ. ಏನು, ಹಾಲು ತರೋಕೆ ಹೋಗಿದ್ನಾ?"

ಹೊಸ ಚಿತ್ರಗಾರ ಬಂದ ಮೇಲಂತೂ ಅವನ ಬಾಯಿಗೆ ಬಿಡುವೇ ಇಲ್ಲ. "ಈ ಮನುಷ್ಯನಿಗೆ ಕಾಲು ಬರೆಯೋಕೆ ಬರಲ್ಲಕ್ಕಾ. ಅದಕ್ಕೇ ಎಲ್ಲರ ಕಾಲನ್ನೂ ಹೊಗೇಲಿ ಮುಳುಗಿಸಿಬಿಟ್ಟಿದಾನೆ. ಬ್ಯಾಂಕಲ್ಲೂ ಹೊಗೆ, ಶಾಲೇಲೂ ಹೊಗೆ, ಮಲಗೋ ಕೋಣೇಲೂ ಹೊಗೆ. ಇದೇನು ಮನೆಯೋ, ಇಟ್ಟಿಗೆ ಗೂಡೋ?" ಖಳನಾಯಕರ ಮೇಲೂ ಅಷ್ಟೇ ಸಿಟ್ಟು. ಬಾಂಬು ಸಿಡಿಯಲು ಅರ್ಧ ನಿಮಿಷ ಇದ್ದಾಗ ಒಂದೂವರೆ ಪುಟ ಭಾಷಣ ಬಿಗಿಯುತ್ತಾರಂತೆ. ನಾನು ನಗುತ್ತಿದ್ದೆ. ನಕ್ಕರೆ ಅವನಿಗೆ ಇನ್ನಷ್ಟು ಹುರುಪು.

ಹೀಗೆ ಬೈಯುತ್ತಲೇ ಪ್ರತಿ ತಿಂಗಳೂ ಮುಖಪುಟವಿಲ್ಲದ ಒಂದು ಪ್ರತಿಯನ್ನು ಬುತ್ತಿ ಚೀಲದ ತಳಕ್ಕೆ ತುರುಕುತ್ತಿದ್ದ. ಮೊದಲೆಲ್ಲ ತನಗೆ, ಆಮೇಲೆ ಹೆಂಡತಿಗೆ. ಅವಳ ಎರಡೂ ಮೂತ್ರಪಿಂಡ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ವಾರಕ್ಕೆ ಎರಡು ಬೆಳಗ್ಗೆ ಆಸ್ಪತ್ರೆಯಲ್ಲಿ ನಾಲ್ಕು ನಾಲ್ಕು ತಾಸು ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಬೇಕು. ಮಕ್ಕಳಿಲ್ಲ. ಆ ನಾಲ್ಕು ತಾಸು ಇವನು ಪಕ್ಕದಲ್ಲಿ ಕೂತು ಚಿತ್ರ ತೋರಿಸಿ ಓದಿ ಹೇಳುತ್ತಿದ್ದ, ನಾನು ಇಲ್ಲಿ ಅವನ ಪಾಲಿನ ಮೂಟೆಯನ್ನೂ ಮುಗಿಸುತ್ತಿದ್ದೆ. ಮೊದಮೊದಲು ಅವಳು, "ಇದೇನ್ರೀ ಚಡ್ಡಿ ಹಾಕ್ಕೊಂಡು ಹಾರಾಡೋರ ಕಥೆ" ಎಂದು ಮೂಗು ಮುರಿದಳಂತೆ. ಒಂದೇ ವರ್ಷದಲ್ಲಿ ಗಂಡನಿಗಿಂತ ಅವಳ ಬಾಯಿಯೇ ಹರಿತವಾಯಿತು. ಎಡಿಟರು ನಮ್ಮೆದುರು ಬಿಡುತ್ತಿದ್ದ ಮಾತುಗಳಲ್ಲಿ ಅರ್ಧ ಅವಳವೇ. ಹಾಲಿನ ಮಾತು ಖಂಡಿತ ಅವಳದು.

ಆಸ್ಪತ್ರೆಯ ಖರ್ಚೆಲ್ಲ ಕಂಪನಿ ಕೊಟ್ಟ ಚಿಕಿತ್ಸಾ ಕಾರ್ಡಿನ ಮೇಲೆ ನಡೆಯುತ್ತಿತ್ತು. ಕೆಲಸ ಇರುವವರೆಗೆ ಕಾರ್ಡು, ಕೆಲಸ ಹೋದ ದಿನವೇ ಅದೂ ರದ್ದು. ಯಂತ್ರ ನಿಂತರೆ ಎಷ್ಟು ದಿನ ಎಂದು ಇವನು ಒಮ್ಮೆ ಡಾಕ್ಟರನ್ನು ಕೇಳಿದ್ದನಂತೆ. ಅವರು ಮುಚ್ಚುಮರೆ ಮಾಡಲಿಲ್ಲ, ಎರಡು ವಾರ ಎಂದಿದ್ದರು. ಇದನ್ನು ಅವನು ನನಗೆ ಹೇಳಿದ್ದು ಒಂದೇ ಸಲ, ದಾರದ ಉಂಡೆ ಬಿಡಿಸುತ್ತಾ, ಮುಖ ನೋಡದೆ.

ಸಿಡಿಲಾಳಿನ ಆ ಒಂದು ಸಂಚಿಕೆ ಬಂದದ್ದು ಅಂಗಡಿಗಳಿಂದಲ್ಲ, ನೇರ ಅಚ್ಚುಕೂಟದಿಂದ. ಮಧ್ಯದ ಪುಟಗಳಲ್ಲಿ ಬಣ್ಣ ಕಲಸಿಹೋಗಿ ಎಲ್ಲರ ಮುಖವೂ ಹಸಿರಾಗಿತ್ತು. ಒಂದು ಪ್ರತಿಯೂ ಮಾರಾಟಕ್ಕೆ ಹೋಗಕೂಡದು, ಕಟ್ಟು ಬಿಚ್ಚಿ ಪೂರ್ತಿ ನಾಶ ಮಾಡಿ ಎಂದು ಆದೇಶ. ಬದಲಿಗೆ ಹಳೆಯ ಕಥೆಯೊಂದನ್ನು ಮತ್ತೆ ಅಚ್ಚು ಹಾಕಿ ಅಂಗಡಿಗೆ ಕಳಿಸಿ ಕೈ ತೊಳೆದುಕೊಂಡಿದ್ದರು. ಹಸಿರಾದ ಸಂಚಿಕೆಯಲ್ಲಿ ಹೊಡೆದಾಟವೇ ಇರಲಿಲ್ಲ, ಅಂಥ ಕಥೆಗೆ ಎರಡನೇ ಸಲ ಯಾರು ಮಸಿ ಸುರಿಯುತ್ತಾರೆ?

ಎಡಿಟರು ಒಂದು ಪ್ರತಿ ಎತ್ತಿಕೊಂಡ. ನಾನು ಬೈಗುಳಕ್ಕೆ ಕಾದೆ. ಇಲ್ಲ. ಪುಟ ತಿರುವಿದ, ಮತ್ತೆ ತಿರುವಿದ, ಕೊನೆಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡಿದ.

"ಏನೋ, ಹುಷಾರಿಲ್ವಾ?"

"ಇದ್ರಲ್ಲಿ ಅವನು ಏನೂ ಮಾಡಲ್ಲಕ್ಕಾ. ಒಳಗೆ ಅಮ್ಮ ಮಲಗಿದಾಳೆ. ಇವನು ಆಸ್ಪತ್ರೆ ಪಡಸಾಲೇಲಿ ಬೆಂಚಿನ ಮೇಲೆ ಕೂತಿದಾನೆ. ಬೆಟ್ಟ ಎತ್ತಿದೋನು ಕಣಕ್ಕಾ, ಒಂದು ಬಾಗಿಲು ತಳ್ಳೋಕೆ ಆಗಲ್ಲ ಅವನಿಗೆ." ಅಷ್ಟು ಹೇಳಿ ಪುಸ್ತಕ ಚೀಲಕ್ಕೆ ಹಾಕಿದ.

ಒಂದು ವಾರದ ನಂತರ ಚಹಾ ಕುಡಿಯುವಾಗ ಹೇಳಿದ, ಪ್ರಕಾಶಕರಿಗೆ ಕಾಗದ ಬರೆದೆ ಎಂದು. ಎರಡು ಪುಟ, ಆ ಕಥೆ ಬರೆದವರಿಗೆ ತಲುಪಿಸಿ ಅಂತ.

"ಹನ್ನೊಂದು ವರ್ಷ ಬೈದೆ, ಒಂದು ಸಾಲೂ ಬರೀಲಿಲ್ಲ. ಹೊಗಳೋಕೆ ಹೋಗಿ ಬರೆದ್ಯಾ?"

"ಬೈಯೋರು ಬೇಕಾದಷ್ಟು ಜನ ಇದಾರಕ್ಕಾ. ಇಂಥದ್ದು ಬರೆದು, ಯಾರೂ ಒಂದು ಮಾತೂ ಆಡ್ಲಿಲ್ಲ ಅಂದ್ರೆ ಆ ಮನುಷ್ಯನಿಗೆ ಹೇಗಾಗಬೇಡ?"

"ಅಯ್ಯೋ ಬೆಪ್ಪುತಕ್ಕಡಿ! ಅಂಗಡೀಗೇ ಹೋಗದೇ ಇರೋ ಪುಸ್ತಕ ನಿಂಗೆ ಎಲ್ಲಿ ಸಿಕ್ತು ಅಂತ ಕೇಳಿದ್ರೆ ಏನಂತೀಯೋ?"

ಅವನ ಕೈಯಲ್ಲಿ ಲೋಟ ಹಾಗೇ ನಿಂತಿತು. ದೇವರಾಣೆ, ಅದು ಅವನ ತಲೆಗೇ ಹೊಳೆದಿರಲಿಲ್ಲ. ಹನ್ನೊಂದು ವರ್ಷ ಮೂಟೆಯಿಂದಲೇ ಎತ್ತಿ ಓದಿದವನಿಗೆ ಪುಸ್ತಕವೆಂದರೆ ಮೂಟೆಯಲ್ಲಿ ಬರುವುದು. ನಡುವೆ ಅಂಗಡಿ ಎನ್ನುವುದೊಂದು ಇದೆ, ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎನ್ನುವುದೇ ಮರೆತುಹೋಗಿತ್ತು. "ವಿಳಾಸ ಯಾವುದು ಕೊಟ್ಟೆ?" ಎಂದೆ. ಎಡಿಟರು ವಾಸವಿದ್ದ ಕಟ್ಟಡದಲ್ಲಿ ಅಂಚೆ ಡಬ್ಬಗಳೆಲ್ಲ ಮುರಿದಿದ್ದವು. ಅದಕ್ಕೇ ಗೋದಾಮಿನ ವಿಳಾಸ ಕೊಟ್ಟಿದ್ದ.

ಉತ್ತರ ಬಂತು. ಆ ಕಥೆ ಬರೆದವನೇ ಸ್ವಂತ ಕೈಯಿಂದ ಬರೆದಿದ್ದ. ನನ್ನ ಆ ಕಥೆಯನ್ನು ಓದಿದ ಒಬ್ಬರಾದರೂ ಇದ್ದಾರೆಂದು ತಿಳಿದು ಎರಡು ದಿನ ನಿದ್ದೆ ಬರಲಿಲ್ಲ, ಎಲ್ಲ ಪ್ರತಿಗಳೂ ನಾಶವಾದವೆಂದು ಹೇಳಿದ್ದರು, ನನ್ನ ಬಳಿಯೂ ಒಂದಿಲ್ಲ, ನಿಮಗೆ ಹೇಗೆ ಸಿಕ್ಕಿತು ಎಂದು ಕೇಳಿದ್ದ. ಪಾಪ, ಯಾವ ಕೇಡೂ ಬಗೆಯದೆ ಕೇಳಿದ್ದ. ಅದೇ ಸಂತೋಷದಲ್ಲಿ ಪ್ರಕಾಶಕರನ್ನೂ ಕೇಳಿಬಿಟ್ಟಿದ್ದ. ಅವರು ನಮ್ಮ ಕಂಪನಿಯನ್ನು ಕೇಳಿದರು. ಹೀಗೆ ಬರೆದವನದೊಂದು, ಕಂಪನಿಯದೊಂದು, ಎರಡು ಕಾಗದಗಳೂ ಒಂದೇ ದಿನ ಮ್ಯಾನೇಜರ ಮೇಜಿನ ಮೇಲೆ ಬಿದ್ದವು.

ನಮ್ಮಿಬ್ಬರನ್ನೂ ಒಳಗೆ ಕರೆದರು. ಮ್ಯಾನೇಜರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಮುಖಕ್ಕೆ ಉಗಿದು ಬರಬಹುದಿತ್ತು.

"ನಿಮ್ಮ ಮನೆಯವರ ವಿಷಯ ನಂಗೆ ಗೊತ್ತು," ಎಂದರು. "ಅದಕ್ಕೇ ಹೇಳ್ತೀನಿ. ಆ ಕಥೆ ನಾನು ಓದೇ ಇಲ್ಲ, ಮನೆಗೂ ಒಯ್ದಿಲ್ಲ, ಕಟ್ಟು ಬಿಚ್ಚುವಾಗ ಕಣ್ಣಿಗೆ ಬಿತ್ತು, ಮನಸ್ಸಿಗೆ ಬಂದ ಹಾಗೆ ಹೊಗಳಿ ಬರೆದೆ ಅಂತ ಎರಡು ಸಾಲು ಬರೆದುಕೊಡಿ. ಮುಗೀತು."

"ನನ್ನ ಕಾಗದ ಓದಿದೋರಿಗೆ ಗೊತ್ತಾಗುತ್ತಲ್ಲ ಸಾರ್, ಓದಿದೀನಿ ಅಂತ."

"ಅಷ್ಟೆಲ್ಲ ಯಾರು ಕೆದಕ್ತಾರೆ? ಅವರಿಗೆ ಫೈಲಿಗೆ ಹಾಕೋಕೆ ಒಂದು ಕಾಗದ ಬೇಕು."

"ಕಥೆ ಬರೆದೋರಿಗೂ ಇದು ಹೋಗುತ್ತಾ ಸಾರ್?"

"ಹೋಗುತ್ತೆ. ಕೇಳಿದ್ದೇ ಅವರಲ್ವಾ?"

ಎಡಿಟರು ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತ. ನನಗೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಬರೆದು ಸಾಯೋ, ಒಂದು ಚಿತ್ರದ ಪುಸ್ತಕಕ್ಕೆ ಹೆಂಡತಿಯನ್ನು ಬಲಿ ಕೊಡುತ್ತೀಯಾ ಎಂದು ಕಿರುಚಬೇಕು ಅನ್ನಿಸಿತು. ಅಷ್ಟರಲ್ಲಿ ಬರೆದ. ಅವನ ಅಕ್ಷರ ಮುತ್ತಿನಂತಿರುತ್ತಿತ್ತು, ಅವತ್ತು ಸಾಲು ಕೆಳಕ್ಕೆ ಜಾರಿತ್ತು. ಕೆಳಗೆ ಸಾಕ್ಷಿ ಎಂದು ನಾನೂ ಸಹಿ ಹಾಕಿದೆ. ಇವರು ಓದಿದ್ದನ್ನು ನಾನು ಕಂಡಿಲ್ಲ ಎಂದು.

"ಮನೇಲಿ ಏನಾದ್ರೂ ಇದ್ರೆ ನಾಳೇನೇ ತಂದು ಯಂತ್ರಕ್ಕೆ ಹಾಕಿಬಿಡಿ. ಯಾರಾದ್ರೂ ಮನೆ ತಪಾಸಣೆಗೆ ಬಂದ್ರೆ ನನ್ನ ಕೈಲೂ ಏನೂ ಆಗಲ್ಲ," ಎಂದರು ಮ್ಯಾನೇಜರು. ಬರೆದವನ ಕಾಗದ ಕೊಡಿ ಎಂದು ಇವನು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಮರುದಿನ ನಾಲ್ಕು ಚೀಲ ತಂದ. ಹನ್ನೊಂದು ವರ್ಷದ ಸಿಡಿಲಾಳು. ಶೆಡ್ಡಿನಲ್ಲಿ ಬೇರೆ ಯಾರನ್ನೂ ಹತ್ತಿರ ಬಿಡದೆ ತಾನೇ ಒಂದೊಂದಾಗಿ ಹಾಕಿದ. ಕೆಲವು ಪ್ರತಿಗಳ ಅಂಚಿನಲ್ಲಿ ಪೆನ್ಸಿಲಿನ ಬರಹ ಇತ್ತು, ಗಂಡನದೊಂದು ಅಕ್ಷರ, ಹೆಂಡತಿಯದೊಂದು ಅಕ್ಷರ. ಹಸಿರು ಮುಖಗಳ ಆ ಸಂಚಿಕೆಯೂ ಹೋಯಿತು. ನಾನು ನೋಡಲಾಗದೆ ಹೊರಗೆ ಬಂದು ನಿಂತೆ.

ಮುಂದಿನ ರಜೆಯ ದಿನ ಗಂಡ ಹೆಂಡತಿ ಇಬ್ಬರ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಮನೆಯಲ್ಲಿ ಕೂರಲು ಆಗಲಿಲ್ಲ. ಉದ್ದ ಕೋಣೆ, ಎಂಟು ಕುರ್ಚಿ, ಎಂಟು ಯಂತ್ರ. ನರ್ಸಮ್ಮ ಎಡಿಟರ ಹೆಂಡತಿಯನ್ನು ತೂಕ ಮಾಡಿ, ತೋಳಿಗೆ ಎರಡು ಸೂಜಿ ಚುಚ್ಚಿ, ನಳಿಕೆ ಜೋಡಿಸಿ ಹೋದಳು. ಅವಳು ನನ್ನ ನೋಡಿ ನಕ್ಕಳು. ಬಾಯಾರಿದರೂ ನೀರು ಕುಡಿಯುವಂತಿಲ್ಲ, ತುಟಿ ಬಿರಿದಿತ್ತು. ಇವನು ಮೊದಲಿನ ಹಾಗೇ ಸ್ಟೂಲು ಎಳೆದು ಪಕ್ಕದಲ್ಲಿ ಕೂತ. ಕೈ ಮಾತ್ರ ಖಾಲಿ.

"ಪುಸ್ತಕಕ್ಕೆಲ್ಲ ಗೆದ್ದಲು ಹತ್ತಿತು ಅಂದ್ರು ಅಕ್ಕಾ ಇವರು. ಮಂಚದ ಕೆಳಗೆ ಒಂದು ಗೆದ್ದಲು ನಾನು ಕಾಣ್ಲಿಲ್ಲ," ಎಂದಳು.

ಅವನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

ಒಂದೂವರೆ ತಾಸು ಕಳೆದಿರಬೇಕು. ಸಿಡಿಲಾಳಿನ ಸುದ್ದಿ ಬಿಟ್ಟು ಅವರಿಬ್ಬರಿಗೆ ಮಾತೇ ಇಲ್ಲವೇನೋ ಎಂದು ನನಗೆ ಗಾಬರಿಯಾಯಿತು. ಆಮೇಲೆ ಅವಳೇ ಕೇಳಿದಳು. "ರೀ, ಆ ಹಸಿರು ಪುಸ್ತಕ ಅರ್ಧಕ್ಕೇ ನಿಲ್ಲಿಸಿದ್ರಲ್ಲ, ಉಳಿದ ಪುಟ ಮಸಿಯಾಗಿದೆ ಅಂತ. ಅವನು ಕೊನೆಗೂ ಬಾಗಿಲು ತಳ್ಕೊಂಡು ಅಮ್ಮನ ಹತ್ರ ಹೋಗ್ತಾನಾ?"

"ನಾನು ಓದಿಲ್ಲ," ಎಂದ.

ಮ್ಯಾನೇಜರ ಕೋಣೆಯಲ್ಲಿ ಬರೆದುಕೊಟ್ಟ ಅದೇ ಮಾತು. ಅಲ್ಲಿ ಅವಳ ಜೀವಕ್ಕಾಗಿ ಹೇಳಿದ್ದ, ಇಲ್ಲಿ ಅವಳು ಹೆದರಬಾರದೆಂದು ಹೇಳಿದ.

"ನಾನು ಓದಿದೀನಿ," ಎಂದಳು ಅವಳು. "ಮರುದಿನ ನೀವು ಕೆಲಸಕ್ಕೆ ಹೋದ ಕೂಡಲೇ ಓದಿದೆ. ಹಾಸಿಗೆ ಕೆಳಗೆ ಬಚ್ಚಿಟ್ರೆ ನಂಗೆ ಸಿಗಲ್ವಾ? ಮಸಿ ಗಿಸಿ ಏನೂ ಆಗಿರ್ಲಿಲ್ಲ. ಅವನು ಎದ್ದು ನಿಲ್ಲೋ ಹೊತ್ತಿಗೆ ಅಮ್ಮ ಹೋಗಿಬಿಟ್ಟಿರ್ತಾಳೆ."

ಅವಳು ಸೂಜಿ ಇಲ್ಲದ ಕೈಯಿಂದ ಅವನ ಮಣಿಕಟ್ಟು ಹಿಡಿದಳು.

"ನಂಗೆ ಭಯ ಆಗ್ತಿದೆ ಕಣ್ರೀ. ಎಷ್ಟು ದಿನದಿಂದ ಕಾಯ್ತಾ ಇದೀನಿ, ಇವತ್ತು ಬಾಯಿ ಬಿಡ್ತೀರಾ, ನಾಳೆ ಬಿಡ್ತೀರಾ ಅಂತ. ಅದನ್ನ ಓದಿದೋರು ನಾವಿಬ್ರೇ. ನೀವೂ ಓದಿಲ್ಲ ಅಂದುಬಿಟ್ರೆ ನಾನು ಯಾರ ಹತ್ರ ಮಾತಾಡ್ಲಿ?"

ಅವನು ತಲೆ ಎತ್ತಲಿಲ್ಲ. ಯಂತ್ರ ಇನ್ನೂ ಎರಡೂವರೆ ಗಂಟೆ ಬಾಕಿ ತೋರಿಸುತ್ತಿತ್ತು.